ಭಾವನೂ ನಾನೂ ಧಾರೆ ಅಳೆಸಿಕೊಂಡದ್ದು

ನಲವತ್ತು ವರ್ಷ ನಾನು ದಸ್ತಾವೇಜು ಬರೆದವನು. ಬಂಟ್ವಾಳದ ನೋಂದಣಿ ಕಚೇರಿಯ ಹತ್ತಿರ ಒಂದು ಸಣ್ಣ ಕೋಣೆ, ಒಂದು ಮೇಜು, ಬಂದವರಿಗೆ ಕೂರಲು ಒಂದು ಬೆಂಚು. ಕ್ರಯಪತ್ರ, ವಿಭಾಗಪತ್ರ, ವೀಲುನಾಮೆ. ಅಣ್ಣತಮ್ಮಂದಿರು ಯಾಕೆ ಬೇರೆಯಾದರು, ಯಾವ ತಂದೆ ಯಾವ ಮಗಳಿಗೆ ಏನು ಬರೆದಿಟ್ಟ ಎಂಬುದೆಲ್ಲ ಎಷ್ಟೋ ಸಲ ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಇಲ್ಲಿ ಕೇಳಿದ್ದನ್ನು ಹೊರಗೆ ಒಯ್ಯಬಾರದು ಎಂದು ನನಗೆ ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿದ್ದರು. ನಾನು ಒಯ್ಯಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳದೆ ಇರುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅರವತ್ತಮೂರನೆಯ ವಯಸ್ಸಿನಲ್ಲಿ ನನ್ನದೇ ಮೈಯಲ್ಲಿ ತೊಂದರೆ ಶುರುವಾದಾಗ ಅದನ್ನೂ ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ.

ತೊಂದರೆ ಮೂತ್ರದ್ದು. ಹೋಗಬೇಕೆನಿಸಿ ಹೋದರೆ ಕೂಡಲೇ ಬರುತ್ತಿರಲಿಲ್ಲ. ಗೋಡೆ ನೋಡುತ್ತ ನಿಂತಿರಬೇಕು. ಬಂದರೂ ನೂಲಿನಂಥ ಧಾರೆ, ಅದೂ ನಡುವೆ ನಿಂತು ನಿಂತು. ಮುಗಿಯಿತೆಂದು ಹೊರಗೆ ಬಂದರೆ ಮುಗಿದಿರುತ್ತಿರಲಿಲ್ಲ. ಬಿ.ಸಿ. ರೋಡಿನ ಬಸ್ ನಿಲ್ದಾಣದ ಶೌಚಾಲಯದಲ್ಲಿ ನನ್ನ ಬಲಗಡೆ ಮೂರು ಜನ ಬಂದು ಹೋಗುವವರೆಗೂ ನಾನು ಒಂದೇ ಕಡೆ ನಿಂತಿರುತ್ತಿದ್ದೆ. ಹಿಂದೆ ಕಾಯುವವರು ಕೆಮ್ಮಿದರೆ ಬರುವುದೂ ನಿಲ್ಲುತ್ತಿತ್ತು. ಹಾಗಾಗಿ ಮದುವೆಗೆ ಹೋಗುವುದು ಕಡಿಮೆ ಮಾಡಿದೆ. ಹೋಗಲೇಬೇಕಾದರೆ ಹಿಂದಿನ ದಿನ ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಿದ್ದೆ. ಇದನ್ನೆಲ್ಲ ವಯಸ್ಸು ಎಂದುಕೊಂಡು ಒಳಗೆ ಇಟ್ಟುಕೊಂಡೆ.

ಡಾಕ್ಟರರ ಹತ್ತಿರ ಹೋಗದೆ ಇದ್ದುದಕ್ಕೆ ನಾಚಿಕೆಗಿಂತ ದೊಡ್ಡ ಕಾರಣ ಹೆದರಿಕೆ. ನನ್ನ ಅಪ್ಪನಿಗೆ ಕೊನೆಯ ಎರಡು ವರ್ಷ ಮೂತ್ರದ ಪೈಪ್ ಇತ್ತು. ಆಗ ನನಗೆ ಇಪ್ಪತ್ತನಾಲ್ಕು. ಪೈಪ್ ಬದಲಿಸಲು ಮನೆಗೆ ಒಬ್ಬ ಕಂಪೌಂಡರ್ ಬರುತ್ತಿದ್ದರು. ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಿದ್ದರೋ, ಅಪ್ಪ ಒಮ್ಮೆ ಕೂಗುತ್ತಿದ್ದರು, ಆಮೇಲೆ ಮನೆಯಿಡೀ ಸುಮ್ಮನಾಗುತ್ತಿತ್ತು. ನಾನು ಅಂಗಳದಲ್ಲಿ ನಿಂತಿರುತ್ತಿದ್ದೆ. ಮೂತ್ರ ಕಟ್ಟುತ್ತದೆ ಎಂದು ಡಾಕ್ಟರರಿಗೆ ಹೇಳಿದರೆ ಪರೀಕ್ಷೆ ಮಾಡುತ್ತಾರೆ, ಪರೀಕ್ಷೆ ಎಂದರೆ ಪೈಪ್ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆ ನಿಶ್ಚಯ ಮುರಿದದ್ದು ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ. ಹಳೆಯ ಕಕ್ಷಿಯೊಬ್ಬರು ಒಂದು ಕಾಗದ ನೋಡಿ ಹೇಳಬೇಕೆಂದು ಕರೆದಿದ್ದರು. ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಪುಂಜಾಲಕಟ್ಟೆ ದಾಟಿದ ಮೇಲೆ ಬಸ್ಸು ನಿಂತದ್ದು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ನನಗೆ ತಡೆಯಲಾಗದ ಸ್ಥಿತಿ. ಎದ್ದು ಕಂಡಕ್ಟರನ ಹತ್ತಿರ ಮೆಲ್ಲಗೆ ಹೇಳಿದೆ. ಅವನು ಒಳ್ಳೆಯವನು, ಬಾಗಿಲು ತೆಗೆಸಿದ. ನಾನು ಇಳಿದು, ನಿಂತಿದ್ದ ಒಂದು ಜೆಸಿಬಿಯ ಹಿಂದೆ ಹೋದೆ. ಅಷ್ಟರಲ್ಲಿ ಮುಂದಿನ ವಾಹನಗಳು ಹೊರಟವು. ನಮ್ಮ ಬಸ್ಸು ನನಗಾಗಿ ಕಾಯುತ್ತಿತ್ತು. ಹಿಂದಿನ ಲಾರಿಯವ ಹಾರ್ನ್ ಹಾಕುತ್ತಿದ್ದ. ಒಂದು ಹನಿಯೂ ಬರಲಿಲ್ಲ. ನಿಂತೆ, ನಿಂತೆ, ಕೊನೆಗೆ ಹಾಗೆಯೇ ಹಿಂದೆ ಬಂದು ಬಸ್ಸು ಹತ್ತಿದೆ.

"ಆಯ್ತಾ ಸಾರ್?" ಎಂದ ಕಂಡಕ್ಟರ್.

"ಆಯ್ತು" ಎಂದೆ.

ಮಡಂತ್ಯಾರು ಬರುವಷ್ಟರಲ್ಲಿ, ಸೀಟಿನಲ್ಲಿ ಕೂತಲ್ಲೇ, ಪಂಚೆ ಸ್ವಲ್ಪ ಒದ್ದೆಯಾಯಿತು. ಕಾಗದದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳ್ತಂಗಡಿಯಲ್ಲಿ ಇಳಿದೆ. ಕಕ್ಷಿಯ ಮನೆಗೆ ಹೋಗಲಿಲ್ಲ. ಬಿಸಿಲಿನಲ್ಲಿ ನಿಂತು ಪಂಚೆ ಒಣಗಿಸಿಕೊಂಡು ಮುಂದಿನ ಬಸ್ಸಿಗೆ ಮನೆಗೆ ಬಂದೆ. ಅವತ್ತು ಊಟದ ಹೊತ್ತಿಗೆ ಹೆಂಡತಿಗೆ ಎಲ್ಲ ಹೇಳಿದೆ.

ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು ಕೂತುಕೊಂಡಳು. "ಬಾತ್‌ರೂಮಿನಲ್ಲಿ ಅಷ್ಟು ಹೊತ್ತು ನೀವು ಪೇಪರ್ ಓದ್ತೀರಿ ಅಂತ ನಾನು ತಿಳ್ಕೊಂಡಿದ್ದೆ" ಎಂದಳು. ಇನ್ನೇನೂ ಕೇಳಲಿಲ್ಲ. ಆದರೆ ನಾನು ಕೈ ತೊಳೆದು ಬರುವಷ್ಟರಲ್ಲಿ ಬೆಳ್ತಂಗಡಿಯಲ್ಲಿರುವ ತನ್ನ ಅಣ್ಣನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಯಾಗಿತ್ತು. ನಾಲ್ಕು ವರ್ಷ ಬಚ್ಚಿಟ್ಟದ್ದು ನಾಲ್ಕು ನಿಮಿಷದಲ್ಲಿ ಪಕ್ಕದ ತಾಲೂಕಿಗೆ ಹೋಯಿತು.

ಅವಳ ಅಣ್ಣ, ಎಂದರೆ ನನ್ನ ಭಾವ, ನನಗಿಂತ ನಾಲ್ಕು ವರ್ಷ ದೊಡ್ಡವರು. ಬೆಳ್ತಂಗಡಿಯಿಂದ ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದವರು. ಅತ್ತಿಗೆ ತೀರಿಕೊಂಡ ಮೇಲೆ ಮಗಳು, ಅಳಿಯನ ಜೊತೆ ಇದ್ದರು. ಗಟ್ಟಿ ಮೈಕಟ್ಟು, ಗಟ್ಟಿ ದನಿ. ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಫೋನ್ ಬಂತು. ನಾವು ಮಾತಾಡುವುದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಮೂಡುಬಿದಿರೆಗೆ ವಾರಕ್ಕೆ ಎರಡು ದಿನ ಮೂತ್ರದ ಸ್ಪೆಷಲಿಸ್ಟ್ ಬರ್ತಾರೆ ಭಾವ. ನನ್ನ ಹಳೆ ಕಂಡಕ್ಟರ್ ಅಲ್ಲಿಯೇ ತೋರಿಸಿದ್ದು. ನಾನು ಕಾರು ತರ್ತೇನೆ. ನೀವು ಒಬ್ಬರೇ ಹೋಗುವುದು ಬೇಡ."

"ನಿಮಗೆ ಯಾಕೆ ತೊಂದರೆ?" ಎಂದೆ.

"ನನಗೆ ಎಂತ ತೊಂದರೆ? ಮನೆಯಲ್ಲಿ ಕೂತು ನಾನಾದ್ರೂ ಎಂತ ಮಾಡುವುದು?"

ಹೇಳಿದ ದಿನ ಬಂದರು. ಸಿದ್ದಕಟ್ಟೆಯ ದಾರಿಯಾಗಿ ಹೋದೆವು. ಮೂಡುಬಿದಿರೆ ಮುಟ್ಟುವ ಮೊದಲು ಅವರು ಎರಡು ಸಲ ಕಾರು ನಿಲ್ಲಿಸಿ ಇಳಿದು ಹೋಗಿ ಬಂದರು. ಎರಡನೆಯ ಸಲ ಬಂದು ಕೂತವರು, "ನೋಡಿ, ನನಗೆ ನಿಮ್ಮ ಹಾಗೆ ಕಟ್ಟುವುದೆಲ್ಲ ಇಲ್ಲ. ಅರ್ಧ ಗಂಟೆಗೊಮ್ಮೆ ಹೋಗ್ತಾ ಇರ್ತದೆ. ನೀರು ಹೆಚ್ಚು ಕುಡೀತೇನಲ್ಲ, ಅದಕ್ಕೆ" ಎಂದರು. ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ಡಾಕ್ಟರರು ನಲವತ್ತರ ಆಸುಪಾಸಿನವರು, ನಿಧಾನ ಮಾತು. ಮೊದಲು ಒಂದು ಪ್ರಶ್ನೆಪಟ್ಟಿ ಕೊಟ್ಟರು. ಧಾರೆ ಎಷ್ಟು ಸಲ ತುಂಡಾಗುತ್ತದೆ, ಶುರು ಮಾಡಲು ತಿಣುಕಬೇಕಾಗುತ್ತದೆಯೇ, ಇನ್ನು ಮುಂದೆಯೂ ಹೀಗೆಯೇ ಇದ್ದರೆ ನಿಮಗೆ ಏನನಿಸುತ್ತದೆ ಎಂದೆಲ್ಲ. ಜನ್ಮದಲ್ಲಿ ನಾನೂರು ವೀಲುನಾಮೆಯಾದರೂ ಬರೆದಿರಬಹುದು, ನನಗೆ ಏನನಿಸುತ್ತದೆ ಎಂದು ಕೇಳಿದ ಕಾಗದ ಇದೇ ಮೊದಲು. ಆಮೇಲೆ ಮಗ್ಗುಲಾಗಿ ಮಲಗಿಸಿ, ಗ್ಲೌಸ್ ಹಾಕಿದ ಬೆರಳಿನಿಂದ ಒಳಗಿನ ಪ್ರಾಸ್ಟೇಟ್ ಗ್ರಂಥಿಯನ್ನು ಮುಟ್ಟಿ ನೋಡಿದರು. ಮುಜುಗರವಾಯಿತು, ನೋವಾಗಲಿಲ್ಲ. ಎದ್ದು ಕೂತವನೇ ಕೇಳಿದೆ: "ಪೈಪ್ ಹಾಕಿ ನೋಡ್ತೀರಾ?"

"ಇಲ್ಲ" ಎಂದರು. "ನಿಮ್ಮ ಮೈಯೊಳಗೆ ಏನನ್ನೂ ಹಾಕುವುದಿಲ್ಲ. ಮೂರು ದಿನ ನೀವು ಹೋದಾಗಲೆಲ್ಲ ಅಳತೆ ಮಾಡಿ ಬರೆದಿಡಿ. ಮುಂದಿನ ವಾರ ಬಂದು ಇಲ್ಲಿಯ ಯಂತ್ರದಲ್ಲಿ ಒಮ್ಮೆ ಮೂತ್ರ ಮಾಡಿ. ಆಮೇಲೆ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿ ಒಳಗೆ ಎಷ್ಟು ಉಳಿದಿದೆ ಅಂತ ನೋಡುವ. ಅಷ್ಟೇ."

ಬಂಟ್ವಾಳ ಪೇಟೆಯಲ್ಲಿ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಜಗ್ಗು ಸಿಕ್ಕಿತು. ಹೆಂಡತಿ ಅದರ ಹಿಡಿಗೆ ಕೆಂಪು ದಾರ ಕಟ್ಟಿದಳು, ಅಡಿಗೆ ಮನೆಗೆ ತಪ್ಪಿ ಬಾರದ ಹಾಗೆ. ನಾನು ಗೆರೆ ಹಾಕಿದ ಕಾಗದದಲ್ಲಿ, ದಸ್ತಾವೇಜಿನ ಅಕ್ಷರದಲ್ಲೇ, ಬೆಳಿಗ್ಗೆ ಆರು ಹತ್ತಕ್ಕೆ ನೂರಹತ್ತು ಮಿಲಿ, ಏಳೂ ಕಾಲಿಗೆ ಅರುವತ್ತು ಮಿಲಿ ಎಂದು ಬರೆಯತೊಡಗಿದೆ. ಬರೆದು ನೋಡಿದಾಗ ನನಗೇ ಆಶ್ಚರ್ಯವಾಯಿತು. ದಿನಕ್ಕೆ ಏಳೆಂಟು ಸಲ ಹೋಗುತ್ತೇನೆ ಎಂದುಕೊಂಡಿದ್ದೆ. ಹದಿನಾಲ್ಕು ಸಲ. ಇಷ್ಟು ವರ್ಷ ದಿನದ ಎಷ್ಟೋ ಹೊತ್ತನ್ನು ಅದರ ಹಿಂದೆಯೇ ಕಳೆದಿದ್ದೆ, ಮತ್ತು ಅದು ನನಗೆ ತಿಳಿದಿರಲಿಲ್ಲ.

ಮುಂದಿನ ವಾರವೂ ಭಾವನೇ ಕರೆದುಕೊಂಡು ಹೋದರು. ಪರೀಕ್ಷೆಯ ಕೋಣೆಯ ಹೊರಗೆ ಉದ್ದದ ವರಾಂಡ. ಅಲ್ಲಿ ಆರೇಳು ಮಂದಿ ನಮ್ಮ ವಯಸ್ಸಿನವರು, ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಕೆಲವರು ಕೂತು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು, ಕೆಲವರು ಅತ್ತಿಂದಿತ್ತ ನಡೆಯುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಯಂತ್ರ ನೋಡಿಕೊಳ್ಳುವವಳು ವೇಣೂರು ಕಡೆಯ ಒಬ್ಬ ಹೆಂಗಸು, ಮೂವತ್ತು ದಾಟಿರಬಹುದು. ಭಾವನ ಬಸ್ಸಿನಲ್ಲೇ ಹೈಸ್ಕೂಲಿಗೆ ಹೋದವಳಂತೆ. ನೋಡಿದ ಕೂಡಲೇ ಗುರುತು ಹಿಡಿದಳು.

ಯಂತ್ರ ಎಂದರೆ ನಾನು ಊಹಿಸಿದಂಥದ್ದೇನೂ ಅಲ್ಲ. ಒಂದು ಸ್ಟ್ಯಾಂಡಿನಲ್ಲಿ ದೊಡ್ಡ ಲಾಳಿಕೆ, ಅದರ ಕೆಳಗೆ ಒಂದು ಪಾತ್ರೆ, ಪಾತ್ರೆಯ ಕೆಳಗೆ ತೂಕದ ಯಂತ್ರದ ಹಾಗಿರುವ ಒಂದು ಹಲಗೆ. ಅದರಿಂದ ಹೊರಟ ವಯರು ಪಕ್ಕದ ಕೋಣೆಯ ಕಂಪ್ಯೂಟರಿಗೆ ಹೋಗುತ್ತದೆ. "ಮನೆಯಲ್ಲಿ ಮಾಡುವ ಹಾಗೆಯೇ ಮಾಡಿ ಸಾರ್. ಒಳಗೆ ಯಾರೂ ಇರುವುದಿಲ್ಲ. ನಾನು ಬಾಗಿಲು ಎಳೆದುಕೊಳ್ತೇನೆ" ಎಂದಳು.

ಬಾಗಿಲು ಎಳೆದುಕೊಂಡಳು. ನಾನು ಲಾಳಿಕೆಯ ಎದುರು ನಿಂತೆ. ಹೊರಗೆ ಯಾರೋ ಬಾಟಲಿಯ ಮುಚ್ಚಳ ತಿರುಗಿಸುವುದು ಕೇಳಿಸಿತು. ಪುಂಜಾಲಕಟ್ಟೆಯ ಲಾರಿಯ ಹಾರ್ನ್ ಕಿವಿಯಲ್ಲಿ ಕೇಳಿಸಿದಂತಾಯಿತು. ಹತ್ತು ನಿಮಿಷ ನಿಂತು ಸ್ವಲ್ಪ ಬಂತು. ಹೊರಗೆ ಬಂದಾಗ ಅವಳು ಪರದೆ ನೋಡಿ ತಲೆ ಆಡಿಸಿದಳು. "ಐವತ್ತೈದು. ಇದು ಸಾಲದು ಸಾರ್. ನೂರೈವತ್ತಾದರೂ ಇಲ್ಲದಿದ್ದರೆ ಡಾಕ್ಟರ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀರು ಕುಡಿದು ಕೂತ್ಕೊಳ್ಳಿ. ಅವಸರ ಇಲ್ಲ."

ಬೆಂಚಿಗೆ ಬಂದು ಕೂತೆ. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಅನಿಸಿತು. ಭಾವ ನಗುತ್ತಿದ್ದರು.

"ಎಂತ ಭಾವ, ಇಷ್ಟು ಸಣ್ಣ ಕೆಲಸ. ನಾನು ಹೋಗಿ ತೋರಿಸ್ಲಾ?"

ಅದನ್ನು ಆ ಹೆಂಗಸು ಕೇಳಿಸಿಕೊಂಡಳು. "ನೀವೂ ಒಂದು ಚೀಟಿ ಮಾಡಿಸಿ ಬನ್ನಿ, ಡ್ರೈವರಣ್ಣ. ನಿಮ್ಮದೂ ಆಗಿಹೋಗಲಿ. ಆಗಿಂದ ನೋಡ್ತಾ ಇದ್ದೇನೆ, ಮೂರು ಸಲ ಬಾತ್‌ರೂಮಿಗೆ ಹೋಗಿ ಬಂದಿರಿ."

ಅವಳು ನಗುತ್ತಲೇ ಹೇಳಿದಳು. ಆದರೆ ಆ ಮೂರು ಸಲ ಎಂಬುದನ್ನು ಅವಳು ಸುಮ್ಮನೆ ಎಣಿಸಿರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ. ಭಾವ ಹಿಂದೆ ಸರಿಯುವವರಲ್ಲ. ಕೌಂಟರಿಗೆ ಹೋಗಿ ಚೀಟಿ ಮಾಡಿಸಿ ಬಂದರು. ತನಗಾದರೆ ಕಾಯುವುದೇ ಬೇಡ, ಯಾವಾಗಲೂ ತಯಾರಿದೆ ಎಂದು ಬೆಂಚಿನವರಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋದರು. ಒಬ್ಬಿಬ್ಬರು ನಕ್ಕರು. ವರಾಂಡದಲ್ಲಿ ಅವತ್ತು ಕೇಳಿದ ಮೊದಲ ನಗು ಅದು.

ಅವರು ಹೊರಗೆ ಬರಲು ತಡವಾಯಿತು. ಬಂದವರು, "ಮುಗಿಯಿತು" ಎಂದು ಕೈ ಒರೆಸಿಕೊಂಡರು. ಅವಳು ಸ್ಕ್ಯಾನಿಗೆ ಮಂಚದ ಮೇಲೆ ಮಲಗಿಸಿದಳು. ಬಾಗಿಲು ಅರ್ಧ ತೆರೆದಿತ್ತು. ಭಾವನೇ ನನ್ನನ್ನು ಒಳಗೆ ಕರೆದರು, ಬಂದು ನೋಡಿ ಎಂದು. ಅವಳು ಹೊಕ್ಕುಳಿನ ಕೆಳಗೆ ತಣ್ಣಗಿನ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಒತ್ತಿದಳು. ಪರದೆಯ ಮೇಲೆ ಒಂದು ದೊಡ್ಡ ಕಪ್ಪು ಮೂಡಿತು. ಅದರ ಅಂಚು ಪರದೆಯ ಹೊರಗೆ ಹೋಗಿತ್ತು.

"ನೀವು ಈಗಷ್ಟೇ ಹೋಗಿ ಬಂದದ್ದಲ್ವಾ?"

"ಹೌದಲ್ಲ. ನೀನೇ ಬರೆದುಕೊಂಡೆಯಲ್ಲ."

"ಇನ್ನೊಂದು ಸಲ ಹೋಗಿ ಬನ್ನಿ ಅಣ್ಣ. ಎಷ್ಟು ಆಗ್ತದೋ ಅಷ್ಟು."

ಹೋಗಿ ಬಂದರು. ಮತ್ತೆ ಒತ್ತಿ ನೋಡಿದಳು. ಆ ಕಪ್ಪು ಹಾಗೆಯೇ ಇತ್ತು. ಹಿಡಿಯನ್ನು ಪಕ್ಕೆಗೆ ಸರಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಚ್ಚು ಹೊತ್ತು ನೋಡಿದಳು. ಅವಳ ಮುಖದಲ್ಲಿ ಮೊದಲಿನ ನಗು ಇರಲಿಲ್ಲ. "ಹೀಗೆಯೇ ಮಲಗಿರಿ, ಡಾಕ್ಟರನ್ನು ಕರೀತೇನೆ" ಎಂದು ಎದ್ದು ಹೋದಳು.

ಡಾಕ್ಟರರು ಬಂದು ನೋಡಿದರು. ಭಾವನ ಕೆಳಹೊಟ್ಟೆಯ ಮೇಲೆ ಕೈಯಿಟ್ಟು ಬೆರಳಿನಿಂದ ತಟ್ಟಿದರು.

"ಇಲ್ಲಿ ಉಬ್ಬಿರುವುದು ಎಷ್ಟು ಸಮಯದಿಂದ?"

"ಅದು ಬೊಜ್ಜು ಡಾಕ್ಟ್ರೇ. ಡ್ಯೂಟಿ ಬಿಟ್ಟ ಮೇಲೆ ಬಂದದ್ದು."

"ಬೊಜ್ಜಲ್ಲ, ಮೂತ್ರ" ಎಂದರು ಡಾಕ್ಟರರು. "ನೀವು ಹೋಗಿ ಬಂದ ಮೇಲೂ ಒಳಗೆ ಸುಮಾರು ಒಂದು ಲೀಟರ್ ನಿಂತಿದೆ. ತುಂಬಿದ ಕೊಡದಿಂದ ಮೇಲಿನದ್ದು ಮಾತ್ರ ಚೆಲ್ಲುವುದಿಲ್ಲವಾ, ಹಾಗೆ ನಿಮಗೆ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಹೋಗ್ತಾ ಇರುವುದು. ಎರಡೂ ಕಿಡ್ನಿ ಊದಿಕೊಂಡಿವೆ. ಇವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು, ಇವತ್ತೇ ಪೈಪ್ ಹಾಕಬೇಕು."

"ನನಗೆ ನೋವೇ ಇಲ್ಲವಲ್ಲ" ಎಂದರು ಭಾವ.

"ನಿಧಾನಕ್ಕೆ ತುಂಬಿದ್ದರಿಂದ ನೋವಾಗಲಿಲ್ಲ. ನೋವಾಗಿದ್ದರೆ ನೀವು ಮೊದಲೇ ಬರ್ತಿದ್ದಿರಿ."

ಭಾವ ನನ್ನ ಮುಖ ನೋಡಿದರು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಆ ಕೈ ಮಂಚದ ಅಂಚನ್ನು ಹುಡುಕುತ್ತಿತ್ತು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀವು ಇಲ್ಲಿಯೇ ಇರ್ತೀರಲ್ಲ ಭಾವ?" ಎಂದರು.

ನನಗೆ ಹೊರಗೆ ಹೋಗಬೇಕೆನಿಸಿತ್ತು. ಅಪ್ಪನ ಕೋಣೆಯ ಬಾಗಿಲು ಹಾಕಿದಾಗ ನಾನು ಯಾವತ್ತೂ ಒಳಗೆ ನಿಂತವನಲ್ಲ. ಅಂಗಳಕ್ಕೆ ಹೋಗುತ್ತಿದ್ದೆ. ಅಪ್ಪ ಕರೆಯಲಿಲ್ಲ ಎಂಬುದು ನಿಜ, ಕರೆಯದಿದ್ದರೂ ಹೋಗಬಹುದಿತ್ತು ಎಂಬುದೂ ನಿಜ. "ಇರ್ತೇನೆ" ಎಂದೆ. ತಲೆಯ ಕಡೆ ನಿಂತು ಭಾವನ ಕೈ ಹಿಡಿದುಕೊಂಡೆ.

ಮರಗಟ್ಟಿಸುವ ಜೆಲ್ ಹಾಕಿ ಕೆಲವು ನಿಮಿಷ ಕಾದರು. ಡಾಕ್ಟರರು ಪ್ರತಿಯೊಂದನ್ನೂ ಮಾಡುವ ಮೊದಲು ಹೇಳುತ್ತಿದ್ದರು. ಉಸಿರು ಬಿಡಿ ಎಂದರು. ಭಾವ ನನ್ನ ಬೆರಳುಗಳನ್ನು ಒಮ್ಮೆ ಗಟ್ಟಿಯಾಗಿ ಹಿಚುಕಿದರು. ಕೂಗಲಿಲ್ಲ. ಅಷ್ಟರಲ್ಲಿ ಪೈಪಿಗೆ ಕಟ್ಟಿದ ಚೀಲಕ್ಕೆ ಮೂತ್ರ ಬೀಳುವ ಸದ್ದು ಕೇಳಿಸತೊಡಗಿತು. ಅದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಲವತ್ತಮೂರು ವರ್ಷ ನನ್ನೊಳಗೆ ಕೂತಿದ್ದ ಹೆದರಿಕೆ ಇಷ್ಟೆಯೇ ಎಂದು ಒಂದು ಕ್ಷಣ ಅನಿಸಿತು. ಅಪ್ಪನಿಗೆ ಹಾಕುತ್ತಿದ್ದದ್ದು ಆ ಕಾಲದ ರಬ್ಬರ್ ಪೈಪ್, ಜೆಲ್ ಇಲ್ಲದೆ, ಮನೆಯ ಮಂಚದ ಮೇಲೆ. ಅಪ್ಪನ ನೋವು ಸುಳ್ಳಾಗಿರಲಿಲ್ಲ. ಆದರೆ ಅದೇ ನೋವು ನನಗಾಗಿಯೂ ಕಾದಿದೆ ಎಂದು ನಂಬಿದ್ದು ನನ್ನ ತಪ್ಪು.

ಸ್ವಲ್ಪ ಹೊತ್ತಿನ ಮೇಲೆ ಭಾವ ಹೊಟ್ಟೆ ಮುಟ್ಟಿಕೊಂಡು, "ಹಗುರ ಆಯ್ತು ಮಾರಾಯ್ರೆ" ಎಂದರು. "ಬೆಲ್ಟ್ ಎರಡು ತೂತು ಒಳಗೆ ಹೋಗಬಹುದು."

ರಕ್ತದ ವರದಿ ಚೆನ್ನಾಗಿರಲಿಲ್ಲ. ಕಿಡ್ನಿ ಸುಸ್ತಾಗಿದೆ, ಎರಡು ಮೂರು ದಿನ ಅಡ್ಮಿಟ್ ಆಗಿ ಎಂದರು. ನಾನು ಅವರ ಮಗಳಿಗೆ, ನನ್ನ ಹೆಂಡತಿಗೆ ಫೋನ್ ಮಾಡಿದೆ. ಹೆಂಡತಿ ಮೊದಲು ಅರ್ಥ ಮಾಡಿಕೊಳ್ಳಲಿಲ್ಲ. "ನಿಮಗೆ ಅಡ್ಮಿಟ್ಟಾ?" ಎಂದಳು. "ಇಲ್ಲ, ನಿನ್ನ ಅಣ್ಣನಿಗೆ" ಎಂದೆ.

ಈ ಗಡಿಬಿಡಿಯಲ್ಲಿ ನನ್ನ ಪರೀಕ್ಷೆ ನನಗೆ ಮರೆತೇಹೋಗಿತ್ತು. ಔಷಧದ ಅಂಗಡಿಯಿಂದ ಮೆಟ್ಟಿಲು ಹತ್ತಿ ಬರುವಾಗ ಒಮ್ಮೆಲೇ ತಡೆಯಲಾಗದಷ್ಟು ಬಂತು. ಬೆಳಗಿನಿಂದ ಎರಡು ಬಾಟಲಿ ಕುಡಿದಿದ್ದೆನಲ್ಲ. ನೇರವಾಗಿ ಆ ಕೋಣೆಗೆ ಹೋದೆ. ಅವಳು ಕೂಡಲೇ ಬಾಗಿಲು ಎಳೆದುಕೊಂಡಳು. ಕೈಯಲ್ಲಿ ಭಾವನ ಔಷಧದ ಕವರು ಹಿಡಿದುಕೊಂಡೇ, ಅವರ ಅಳಿಯ ಎಷ್ಟು ಹೊತ್ತಿಗೆ ಬಂದಾನು ಎಂದು ಯೋಚಿಸುತ್ತ ನಿಂತಿದ್ದಾಗ ತಾನಾಗಿ ಬಂತು. ನಿಧಾನವಾಗಿ, ನಿಂತು ನಿಂತು. ಆದರೂ ಬಂತು.

"ನೂರ ಎಂಬತ್ತು. ಈಗ ಸರಿ" ಎಂದಳು. ಸ್ಕ್ಯಾನಿನಲ್ಲಿ ಎಂಬತ್ತು ಮಿಲಿ ಉಳಿದಿತ್ತು.

ಸಂಜೆ ಡಾಕ್ಟರರು ಗ್ರಾಫನ್ನು ಮೇಜಿನ ಮೇಲಿಟ್ಟು ತೋರಿಸಿದರು. ಸರಿಯಿರುವವರದ್ದು ಗುಡ್ಡದ ಹಾಗೆ ಏರಿ ಇಳಿಯುತ್ತದೆಯಂತೆ. ನನ್ನದು ಗದ್ದೆಯ ಬದು, ನಮ್ಮ ಕಡೆಯ ಹುಣಿ, ಅದರ ಹಾಗೆ ತಗ್ಗಾಗಿ, ಉದ್ದಕ್ಕೆ, ಅಲ್ಲಲ್ಲಿ ಕಡಿದುಹೋಗಿತ್ತು. ಹಾಗಾದರೆ ದಾರಿ ಕಟ್ಟಿದೆ ಎಂದು ಖಚಿತವೋ ಎಂದು ಕೇಳಿದೆ. ಬರವಣಿಗೆಯಲ್ಲಿ ಖಚಿತ ಬೇಕು ಎನ್ನುವುದು ನನ್ನ ಹಳೆಯ ರೋಗ.

"ಇದೊಂದರಿಂದ ಖಚಿತ ಹೇಳಲಿಕ್ಕೆ ಆಗುವುದಿಲ್ಲ" ಎಂದರು. "ದಾರಿ ಇಕ್ಕಟ್ಟಾದರೂ ಧಾರೆ ಸಣ್ಣ ಆಗ್ತದೆ, ಮೂತ್ರದ ಚೀಲಕ್ಕೆ ತಳ್ಳುವ ಶಕ್ತಿ ಕಡಿಮೆಯಾದರೂ ಸಣ್ಣ ಆಗ್ತದೆ. ಯಂತ್ರಕ್ಕೆ ವೇಗ ಮಾತ್ರ ಗೊತ್ತು. ಒತ್ತಡ ಅಳೆಯಬೇಕಾದರೆ ಸಪೂರ ಪೈಪ್ ಬೇಕು. ಬಿ.ಪಿ. ನೋಡುವ ಪಟ್ಟಿಯಂಥದ್ದನ್ನು ಹೊರಗಿನಿಂದಲೇ ಕಟ್ಟಿ ನೋಡುವ ಕ್ರಮವೂ ಉಂಟು, ಆದರೆ ಅದು ನಮ್ಮಲ್ಲಿ ಇಲ್ಲ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ನೀವು ಬರೆದ ಕಾಗದ, ಈ ಗ್ರಾಫು, ಉಳಿದ ಎಂಬತ್ತು, ಗ್ರಂಥಿಯ ಗಾತ್ರ, ಎಲ್ಲ ಸೇರಿಸಿ ನೋಡಿದರೆ ಮಾತ್ರೆ ಶುರು ಮಾಡುವಷ್ಟು ಧೈರ್ಯ ಬರ್ತದೆ. ಮೂರು ತಿಂಗಳ ಮೇಲೆ ಪುನಃ ಅಳೆದು ನೋಡುವ." ನಾನು ಬರೆದ ಕಾಗದವನ್ನು ಅವರು ತಮ್ಮ ಫೈಲಿನಲ್ಲಿ ಇಟ್ಟುಕೊಂಡರು. ಅಕ್ಷರ ಚೆನ್ನಾಗಿದೆ ಎಂದರು.

ಮರುದಿನ ಊಟ ತೆಗೆದುಕೊಂಡು ಬಸ್ಸಿನಲ್ಲಿ ಹೋದೆ. ವಾರ್ಡಿನಲ್ಲಿ ಭಾವ ಒಬ್ಬರೇ ಇದ್ದರು. ಗಂಜಿ ಉಂಡು ಆದ ಮೇಲೆ, ಕಿಟಕಿಯ ಕಡೆ ನೋಡುತ್ತ ಹೇಳಿದರು:

"ನನಗೆ ಗೊತ್ತಿರಲಿಲ್ಲ ಅಂತಲ್ಲ ಭಾವ. ಒಂದು ವರ್ಷದಿಂದ ಹಾಸಿಗೆ ಒದ್ದೆ ಆಗ್ತಿತ್ತು. ಬೆಡ್‌ಶೀಟಿನ ಅಡಿಗೆ ಪ್ಲಾಸ್ಟಿಕ್ ಹಾಕಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನಾನೇ ಒಗೆದು ಹಾಕ್ತಿದ್ದೆ. ಅಳಿಯ ಹೇಳುವುದು, ಮಾವ ಎಷ್ಟು ಶಿಸ್ತು ಅಂತ."

"ನನಗಾದ್ರೂ ಹೇಳಬಹುದಿತ್ತು" ಎಂದೆ. ಹೇಳಿದ ಕೂಡಲೇ ಆ ಮಾತು ನನಗೇ ತಾಗಿತು.

"ನಿಮಗೆ ಇಂಥದ್ದು ಉಂಟು ಅಂತ ಗೊತ್ತಿದ್ದರೆ ಹೇಳ್ತಿದ್ದೆ" ಎಂದರು.

ಎಷ್ಟು ಮದುವೆಗಳಲ್ಲಿ, ಎಷ್ಟು ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟಗಳಲ್ಲಿ ನಾವಿಬ್ಬರೂ ಪಕ್ಕ ಪಕ್ಕ ಕೂತಿದ್ದೆವು. ಇಬ್ಬರೂ ಸಾರು ಬೇಡ, ಮಜ್ಜಿಗೆ ಬೇಡ ಎನ್ನುತ್ತಿದ್ದೆವು. ಇಬ್ಬರೂ ಬಾಗಿಲ ಹತ್ತಿರದ ಕುರ್ಚಿ ಹುಡುಕುತ್ತಿದ್ದೆವು. ನನ್ನ ಪಕ್ಕದವರೂ ಅದನ್ನೇ ಹುಡುಕುತ್ತಿದ್ದಾರೆ ಎಂದು ನಾನು ಗಮನಿಸಲಿಲ್ಲ. ನನ್ನ ಗುಟ್ಟನ್ನು ಕಾಯುವುದರಲ್ಲೇ ಎಷ್ಟು ಮುಳುಗಿದ್ದೆನೆಂದರೆ ಇನ್ನೊಬ್ಬರ ಮೈ ನೋಡಲು ನನಗೆ ಪುರುಸೊತ್ತಿರಲಿಲ್ಲ.

ಮಧ್ಯಾಹ್ನ ಅವರ ಮಗಳು ಬಂದಳು. ಭಾವ ಅವಳಿಗೂ ಹೇಳಲು ಶುರು ಮಾಡಿದರು, ಅರ್ಧಕ್ಕೆ ನಿಲ್ಲಿಸಿದರು. ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ, "ನನಗೆ ಗೊತ್ತಿತ್ತು ಅಪ್ಪ" ಎಂದಳು. "ಪ್ಲಾಸ್ಟಿಕ್ ನೋಡಿದ್ದೆ. ಕೇಳಿದರೆ ನಿಮಗೆ ಬೇಸರ ಆಗ್ತದೆ ಅಂತ, ನೀವೇ ಹೇಳಲಿ ಅಂತ ಇದ್ದೆ." ಲೋಟವನ್ನು ಅವರ ಕಡೆ ಚಾಚಿದಳು. "ಕೇಳಬೇಕಿತ್ತು."

ಭಾವ, ಲೋಟ ಹಿಡಿದ ಅವಳ ಕೈಯ ಮೇಲೆ ಕೈಯಿಟ್ಟರು. ನಾನು ಊಟದ ಪಾತ್ರೆ ತೊಳೆಯುವ ನೆಪದಲ್ಲಿ ಹೊರಗೆ ಹೋದೆ.

ಒಂದೂವರೆ ತಿಂಗಳು ಅವರು ಪೈಪ್, ಚೀಲದ ಜೊತೆಯೇ ಇದ್ದರು. ರಕ್ತದ ವರದಿ ನಿಧಾನವಾಗಿ ಸುಧಾರಿಸಿತು. ಗ್ರಂಥಿಯ ಆಪರೇಷನ್ನಿನ ಮೊದಲು ಅವರಿಗೆ ಮಂಗಳೂರಿನಲ್ಲಿ ಆ ಸಪೂರ ಪೈಪಿನ ಒತ್ತಡದ ಪರೀಕ್ಷೆಯನ್ನೂ ಮಾಡಿಸಿದರು; ಹೊರಗಿನ ಅಳತೆ ಅವರಿಗೆ ಸಾಲಲಿಲ್ಲ. ದಾರಿ ಕಟ್ಟಿರುವುದೂ ಹೌದು, ಇಷ್ಟು ಕಾಲ ಹಿಗ್ಗಿ ಹಿಗ್ಗಿ ಮೂತ್ರದ ಚೀಲ ಸೋತಿರುವುದೂ ಹೌದು ಎಂದು ತಿಳಿಯಿತು. ಆಪರೇಷನ್ ಆದ ಮೇಲೆ ಪೈಪ್ ತೆಗೆದ ಮೊದಲ ದಿನ ಏನೂ ಬರಲಿಲ್ಲ. ಪುನಃ ಹಾಕಬೇಕಾಯಿತು. ಅವತ್ತು ಅವರು ಫೋನ್ ತೆಗೆಯಲಿಲ್ಲ, ಮಗಳ ಹತ್ತಿರ ಕೊಟ್ಟರು. ಎರಡು ವಾರದ ಮೇಲೆ ಇನ್ನೊಮ್ಮೆ ತೆಗೆದಾಗ ಬಂತು. ಈಗಲೂ ಪೂರ್ತಿ ಖಾಲಿಯಾಗುವುದಿಲ್ಲ, ಒಳಗೆ ಸ್ವಲ್ಪ ನಿಲ್ಲುತ್ತದೆ. ಮೂರು ಗಂಟೆಗೊಮ್ಮೆ ಗಡಿಯಾರ ನೋಡಿ ಹೋಗಬೇಕು, ಹೋಗಿ ಬಂದು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಹೋಗಬೇಕು. ಇದಕ್ಕಿಂತ ಹೆಚ್ಚು ಸುಧಾರಿಸೀತು ಎಂದು ಡಾಕ್ಟರರು ಮಾತು ಕೊಟ್ಟಿಲ್ಲ. ಹಾಸಿಗೆ ಒಣಗಿದೆ. ಕಿಡ್ನಿ ಉಳಿದಿದೆ.

ನನಗೆ ಮಾತ್ರೆ ಹಿಡಿಯಿತು. ಎದ್ದು ನಿಂತಾಗ ಮೊದಮೊದಲು ತಲೆ ಸ್ವಲ್ಪ ತಿರುಗುತ್ತಿತ್ತು, ಆಮೇಲೆ ಸರಿಯಾಯಿತು. ಮೂರು ತಿಂಗಳ ಮೇಲೆ ಅಳೆಸಿದಾಗ ಆ ಹುಣಿ ಸ್ವಲ್ಪ ಎತ್ತರವಾಗಿತ್ತು. ಗುಡ್ಡ ಎನ್ನುವಷ್ಟಲ್ಲ.

ಈಗ ಭಾವ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಮಳೆ, ರಸ್ತೆ, ಮಗಳ ಮನೆಯ ಸುದ್ದಿ ಆದ ಮೇಲೆ ನಾವಿಬ್ಬರೂ ಎಷ್ಟು ಸಲ, ಎಷ್ಟು ಮಿಲಿ ಎಂದು ಮಾತಾಡುತ್ತೇವೆ. ಊಟದ ಹೊತ್ತಿಗೆ ಅದು ಶುರುವಾದರೆ ಹೆಂಡತಿ, "ಒಮ್ಮೆ ಸಾಕು ಮಾಡಿ ಮಾರಾಯ್ರೆ" ಎನ್ನುತ್ತಾಳೆ. ನಾನು ಫೋನ್ ಹಿಡಿದುಕೊಂಡು ಜಗಲಿಗೆ ಹೋಗುತ್ತೇನೆ. ಕಳೆದ ವಾರ ಅವರ ಹಳೆಯ ಕಂಡಕ್ಟರನ ತಮ್ಮ ಅವರ ಹತ್ತಿರ ಬಂದಿದ್ದನಂತೆ, ಅರ್ಧ ಗಂಟೆ ಬೇರೆ ಏನೇನೋ ಮಾತಾಡಿ, ನಡುವೆ ಎರಡು ಸಲ ಬಾತ್‌ರೂಮಿಗೆ ಹೋಗಿ ಬಂದು, ಎದ್ದು ಹೊರಟನಂತೆ. ಭಾವ ಗೇಟಿನವರೆಗೆ ಅವನ ಜೊತೆ ನಡೆದು ಹೋಗಿ, ಅವನು ಕೇಳದಿದ್ದರೂ ತನ್ನದನ್ನೆಲ್ಲ ಹೇಳಿದರಂತೆ. ಮಂಗಳವಾರ ಅವನನ್ನು ತನ್ನ ಕಾರಿನಲ್ಲೇ ಮೂಡುಬಿದಿರೆಗೆ ಕರೆದುಕೊಂಡು ಹೋಗುತ್ತಾರೆ.